ಹಳೇ ಎಸ್‌ಎಲ್‌ಆರ್ ತಂದಿದ್ದೀರಾ? ಮೊದಲ ರೋಲನ್ನು ಕ್ಯಾಮೆರಾಗೆ ಬಿಟ್ಟುಕೊಡಿ

"ಹಿಂದೆಲ್ಲ ರೋಲ್ ಹಾಕಿ ಫೋಟೋ ತೆಗೀತಿದ್ದೆ, ಬಿಟ್ಟು ಇಪ್ಪತ್ತು ವರ್ಷ ಆಯ್ತು. ಈಗ ಮತ್ತೆ ಶುರು ಮಾಡೋಣ ಅನ್ಸಿದೆ. ಯಾವ ಕ್ಯಾಮೆರಾ ತಗೊಳ್ಳಲಿ?" ಹೀಗೆ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ನನಗೂ ಇದೇ ಆಸೆ ಹುಟ್ಟಿ, ಆರು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ1000 ಎಂಬ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡಿ ಫೋಟೋ ತೆಗೆಯುವ ಕ್ಯಾಮೆರಾ) ಮನೆಗೆ ತಂದೆ. ಅಲ್ಲಿಂದೀಚೆಗೆ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಯಾವುದೇ ಇರಲಿ, ಅದಕ್ಕೆ ಹಾಕುವ ಮೊದಲ ರೋಲು ಪರೀಕ್ಷೆಗೆ ಮೀಸಲು. ಅದು ನಲವತ್ತು ವರ್ಷ ಹಳೆಯ ಯಂತ್ರ. ಯಾರ ಬೀರುವಿನಲ್ಲಿ ಎಷ್ಟು ಮಳೆಗಾಲ ಕಳೆದಿದೆಯೋ ಯಾರಿಗೂ ಗೊತ್ತಿಲ್ಲ. ಅದರ ಆರೋಗ್ಯ ತಿಳಿಯದೆ ನೇರವಾಗಿ ಮಗುವಿನ ನಾಮಕರಣಕ್ಕೋ ಊರ ಜಾತ್ರೆಗೋ ಒಯ್ದರೆ, ಕಳೆದುಹೋದ ಚಿತ್ರ ಮತ್ತೆ ಸಿಗುವುದಿಲ್ಲ. 36 ಫ್ರೇಮು ಖರ್ಚು ಮಾಡಿ ಕ್ಯಾಮೆರಾದ ಗುಣದೋಷ ತಿಳಿದುಕೊಂಡರೆ, ಆಮೇಲಿನ ರೋಲುಗಳನ್ನು ನೆಮ್ಮದಿಯಿಂದ ಹಾಕಬಹುದು.

ಯಾವ ಕ್ಯಾಮೆರಾ

ಬ್ಯಾಟರಿ ಇಲ್ಲದಿದ್ದರೂ ಶಟರ್ (ತೆರೆದು ಮುಚ್ಚಿ ಫಿಲಂ ಮೇಲೆ ಬೆಳಕು ಬಿಡುವ ಪರದೆ) ಹೊಡೆಯುವ ಕ್ಯಾಮೆರಾ ತಗೊಳ್ಳಿ. ಇಂಥವನ್ನು ರಿಪೇರಿ ಮಾಡುವ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಸತ್ತರೆ ಮಾತ್ರ ಹೆಚ್ಚಾಗಿ ಯಾರೂ ಏನೂ ಮಾಡಲಾಗುವುದಿಲ್ಲ.

ನನ್ನ ಮೊದಲ ಆಯ್ಕೆ ಪೆಂಟಾಕ್ಸ್ ಕೆ1000. 1976ರಲ್ಲಿ ಬಂದು 1997ರ ತನಕ ಹೆಚ್ಚು ಬದಲಾವಣೆ ಇಲ್ಲದೆ ತಯಾರಾದ ಕ್ಯಾಮೆರಾ. ಒಂದೇ ಒಂದು ಬಟನ್ ಸೆಲ್ ಬೇಕು, ಅದೂ ಬೆಳಕು ಅಳೆಯುವ ಲೈಟ್ ಮೀಟರಿಗೆ ಮಾತ್ರ. ಯಾಷಿಕಾ ಎಫ್‌ಎಕ್ಸ್-3 ಸೂಪರ್ 2000 ಕೂಡ ಒಳ್ಳೆಯದು. ಅದರ ಮೈಮೇಲಿನ ಕರಿ ಹೊದಿಕೆ ಸಾಮಾನ್ಯವಾಗಿ ಸುಲಿದು ಉದುರಿರುತ್ತದೆ. ಅದನ್ನು ನೋಡಿ ಹಿಂಜರಿಯಬೇಡಿ, ಚಿತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ. ನಿಕಾನ್ ಎಫ್‌ಎಂ10 ಇವೆರಡಕ್ಕಿಂತ ಚಿಕ್ಕ ವಯಸ್ಸಿನದು, ನಿಕಾನ್‌ಗಾಗಿ ಕೊಸಿನಾ ಕಂಪನಿ ಮಾಡಿಕೊಟ್ಟದ್ದು. ಮೈ ಹಗುರ, ಆದರೆ ಕೆಲಸಕ್ಕೆ ನಂಬಬಹುದು. 1982ರ ನಿಕಾನ್ ಎಫ್‌ಎಂ2 ಇವೆಲ್ಲಕ್ಕಿಂತ ಗಟ್ಟಿ, ಬೆಲೆಯೂ ಹಾಗೇ. ಅದರಲ್ಲೊಂದು ವಿಷಯ ನೆನಪಿಡಿ. ಫಿಲಂ ಮುಂದಕ್ಕೆ ಎಳೆಯುವ ಲಿವರ್ ಮೈಗೆ ಅಂಟಿಕೊಂಡಿದ್ದರೆ ಶಟರ್ ಬಟನ್ ಒತ್ತಲಾಗದು. ಲಿವರನ್ನು ಸ್ವಲ್ಪ ಹೊರಗೆ ಎಳೆದು ನೋಡದೆ "ಇದು ಕೆಟ್ಟಿದೆ" ಅಂತ ವಾಪಸ್ ಇಟ್ಟು ಬರಬೇಡಿ.

ಕ್ಯಾನನ್ ಎಇ-1 ಚೆಂದದ ಕ್ಯಾಮೆರಾ, ಅನುಮಾನವಿಲ್ಲ. ಆದರೆ 6 ವೋಲ್ಟ್ ಬ್ಯಾಟರಿ ಇಲ್ಲದೆ ಅದು ಅಲ್ಲಾಡುವುದಿಲ್ಲ. ಶಟರ್ ಹೊಡೆದಾಗ ಕೀಂಯ್ ಅಂತ ಸದ್ದು ಬಂದರೆ ಒಳಗೆ ಎಣ್ಣೆ ಒಣಗಿದೆ ಎಂದು ಅರ್ಥ, ಸರ್ವೀಸ್ ಮಾಡಿಸಲೇಬೇಕು. ಸೋವಿಯತ್ ಕಾಲದ ಝೆನಿಟ್ ಕಡಿಮೆ ಬೆಲೆಗೆ ಸಿಗುತ್ತದೆ. ಕಲ್ಲಿನಷ್ಟು ಭಾರ. ಜೊತೆಗೆ ಬರುವ 58 ಎಂಎಂ ಹೆಲಿಯೋಸ್ ಲೆನ್ಸು ಮಾತ್ರ ಸೊಗಸಾದದ್ದು.

ಲೆನ್ಸು 50 ಎಂಎಂ ಒಂದೇ ಸಾಕು. ಹಳೇ ಝೂಮ್‌ಗಳಲ್ಲಿ ವ್ಯೂಫೈಂಡರ್ ಮಬ್ಬಾಗಿ ಕಾಣುತ್ತದೆ. ನಮ್ಮ ವಯಸ್ಸಿನ ಕಣ್ಣಿಗೆ ಫೋಕಸ್ ಮಾಡುವುದು ಕಷ್ಟ ಆಗುತ್ತದೆ.

ಕೊಳ್ಳುವ ಮುಂಚೆ ಹದಿನೈದು ನಿಮಿಷ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿನಲ್ಲಿ ಕೊಳ್ಳಿ, ಪರಿಚಯದವರ ಮನೆಯಿಂದ ತನ್ನಿ, ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಜೇಬಿನಲ್ಲಿ ಎರಡು ಎಲ್‌ಆರ್44 ಸೆಲ್, ಒಂದು ಚಿಕ್ಕ ಟಾರ್ಚ್, ಮೊಬೈಲ್‌ನಲ್ಲಿ ಒಂದು ಲೈಟ್ ಮೀಟರ್ ಆ್ಯಪ್ ಇರಲಿ.

ಮೊದಲು ಹಿಂಬಾಗಿಲು ತೆಗೆಯಬೇಡಿ. ಎಡಗಡೆಯ ರಿವೈಂಡ್ ಗುಂಡಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಬಿಗಿ ಸಿಕ್ಕಿದರೆ ಒಳಗೆ ಯಾರದೋ ರೋಲ್ ಇದೆ. "ಅಣ್ಣಾ, ಇದ್ರಲ್ಲಿ ರೋಲ್ ಇದ್ದಂಗಿದೆ" ಅಂತ ಹೇಳಿ, ಸುತ್ತಿಸಿ, ಆಮೇಲೆ ತೆಗೆಯಿರಿ. ಯಾವ ಮನೆಯ ನೆನಪೋ ಅದು.

ಆಮೇಲೆ ಲೆನ್ಸು. ಬಿಚ್ಚಿಕೊಂಡು, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಧೂಳಿನ ಕಣಗಳು ಎಲ್ಲ ಹಳೇ ಲೆನ್ಸಿನಲ್ಲೂ ಇರುತ್ತವೆ, ಅವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಹುಡುಕಬೇಕಾದ್ದು ಫಂಗಸ್. ಗಾಜಿನ ಅಂಚಿನಿಂದ ಹೊರಟು, ಜೇಡರ ಬಲೆಯ ಎಳೆಯ ಹಾಗೆ, ಕವಲು ಕವಲಾಗಿ ನಡುವಿನ ಕಡೆ ಚಾಚಿಕೊಂಡಿರುತ್ತದೆ. ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸುಗಳಲ್ಲಿ ಇದು ಸಾಮಾನ್ಯ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ತೊಂದರೆ ಕಾಣುವುದಿಲ್ಲ. ಆದರೂ ನಾನು ಅಂಥದ್ದನ್ನು ಉಳಿದ ಲೆನ್ಸುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡುವುದಿಲ್ಲ. ನಡುಗಾಜಿನಲ್ಲಿ ಹರಡಿದ್ದರೆ ಬಿಟ್ಟುಬಿಡಿ.

ಲೆನ್ಸಿನ ಹಿಂಬದಿಯಲ್ಲಿ ಒಂದು ಪುಟ್ಟ ಲಿವರ್ ಇರುತ್ತದೆ. ಅಪರ್ಚರನ್ನು ಎಫ್ 16ಕ್ಕೆ (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟು ಆ ಲಿವರನ್ನು ಬೆರಳಿನಿಂದ ತಳ್ಳಿ ಬಿಡಿ. ಒಳಗಿನ ಎಲೆಗಳು ಪಟ್ ಅಂತ ಜಾಗಕ್ಕೆ ಬರಬೇಕು. ನಿಧಾನಕ್ಕೆ ಬಂದರೆ ಎಲೆಗಳಿಗೆ ಎಣ್ಣೆ ಹತ್ತಿದೆ.

ಈಗ ಶಟರ್. ಹಿಂಬಾಗಿಲು ತೆರೆದು, ಲೆನ್ಸು ಬಿಚ್ಚಿ, ಕ್ಯಾಮೆರಾವನ್ನು ಆಕಾಶದ ಕಡೆ ಹಿಡಿಯಿರಿ. ಟ್ಯೂಬ್‌ಲೈಟ್ ಕಡೆ ಬೇಡ, ಅದು ಮಿನುಗುವುದರಿಂದ ಕಣ್ಣಿಗೆ ಮೋಸ ಆಗುತ್ತದೆ. ಶಟರ್ ವೇಗ 1/1000 ಸೆಕೆಂಡಿಗೆ ಇಟ್ಟು ಹೊಡೆಯಿರಿ. ಇಡೀ ಚೌಕ ಒಂದೇ ಸಮ ಮಿಂಚಬೇಕು. ಒಂದು ಬದಿ ಕತ್ತಲಾಗಿ ಕಂಡರೆ ಪರದೆಗಳ ಓಟ ಹೊಂದುತ್ತಿಲ್ಲ. ಆಮೇಲೆ 1 ಸೆಕೆಂಡಿಗೆ ಇಟ್ಟು ಹೊಡೆಯಿರಿ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿಕೊಂಡರೆ ಎಣಿಸಬಹುದು: ಸೆಕೆಂಡಿಗೆ 240 ಫ್ರೇಮಿನ ವಿಡಿಯೋದಲ್ಲಿ 1/4 ಸೆಕೆಂಡು ಅಂದರೆ 60 ಫ್ರೇಮು. ನಿಧಾನ ವೇಗಗಳಲ್ಲಿ ಶಟರ್ ಅರ್ಧಕ್ಕೇ ನಿಂತುಬಿಡುತ್ತಿದ್ದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ಯಾವ ಕಾರಣಕ್ಕೂ ಪರದೆಗೆ ಬೆರಳು ತಾಗಿಸಬೇಡಿ.

ಕೊನೆಗೆ ಬ್ಯಾಟರಿ ಮುಚ್ಚಳ. ಹಸಿರು ಬಿಳಿ ಪುಡಿ ಕಂಡರೆ ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ಹಚ್ಚಿ ಒರೆಸಿದರೆ ಹೆಚ್ಚಿನ ಸಲ ಹೋಗುತ್ತದೆ. ಸೆಲ್ ಹಾಕಿ, ನೆರಳಿನ ಗೋಡೆಯೊಂದನ್ನು ನೋಡಿ, ಮೊಬೈಲ್ ಮೀಟರಿನ ಜೊತೆ ಹೋಲಿಸಿ. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ತಪ್ಪು ತೋರಿಸುವ ಮೀಟರ್ ಕೆಟ್ಟದ್ದೇನಲ್ಲ. ಒಂದು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಕಡಿಮೆ ಅಂದರೆ ಅರ್ಧ, ಜಾಸ್ತಿ ಅಂದರೆ ಎರಡರಷ್ಟು) ಬೆಳಕು ಕೊಡುತ್ತಿದ್ದರೆ, ಐಎಸ್‌ಒ (ಫಿಲಂ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಂಕಿ) 200ರ ಫಿಲಂ ಹಾಕಿದಾಗ ಡಯಲನ್ನು 100ಕ್ಕೆ ಇಟ್ಟರಾಯಿತು. ಸಲಕ್ಕೊಂದು ಲೆಕ್ಕ ಹೇಳುವ ಮೀಟರನ್ನು ನಂಬಬೇಡಿ. ಕೆ1000ಗೆ ಮೀಟರ್ ಆಫ್ ಮಾಡುವ ಸ್ವಿಚ್ ಇಲ್ಲ. ಕೆಲಸ ಮುಗಿದ ಕೂಡಲೇ ಲೆನ್ಸಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಸೆಲ್ ಸುಮ್ನೆ ಖಾಲಿಯಾಗುತ್ತದೆ.

ಮಿನೋಲ್ಟಾ ಎಸ್‌ಆರ್‌ಟಿ 101ರಂಥ ಇನ್ನೂ ಹಳೆಯ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಸೆಲ್ ಕೇಳುತ್ತವೆ. ಅದು ಈಗ ತಯಾರಾಗುವುದಿಲ್ಲ. ಕಿವಿಯ ಮಷೀನಿಗೆ ಹಾಕುವ 675 ನಂಬರಿನ ಸೆಲ್ 1.4 ವೋಲ್ಟ್ ಕೊಡುತ್ತದೆ. ಸುತ್ತ ಒಂದು ರಬ್ಬರ್ ಉಂಗುರ ಕೊಟ್ಟು ಕೂರಿಸಿದರೆ ಮೀಟರ್ ಸರಿಯಾಗಿ ನಡೆಯುತ್ತದೆ.

ಅಂಟಾದ ಸ್ಪಂಜು ತೆಗೆಯುವುದು

ಮನೆಗೆ ತಂದ ಮೇಲೆ ಮಾಡಲೇಬೇಕಾದ ಕೆಲಸ ಇದು. ಹಿಂಬಾಗಿಲು ಕೂರುವ ಸಂದಿನಲ್ಲಿ ಬೆಳಕು ತಡೆಯಲು ಕರಿ ಸ್ಪಂಜಿನ ಪಟ್ಟಿ ಇರುತ್ತದೆ. ವರ್ಷ ಕಳೆದಂತೆ ಅದು ಡಾಂಬರಿನ ಹಾಗೆ ಕರಗಿ ಅಂಟಾಗುತ್ತದೆ. ಅಲ್ಲಿಂದ ಬೆಳಕು ನುಗ್ಗಿ ಫಿಲಂ ಹಾಳು ಮಾಡುತ್ತದೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತನ್ನಿ. ಟೂತ್‌ಪಿಕ್ಕಿನ ತುದಿಗೆ ಹತ್ತಿ ಸುತ್ತಿ, ಅದರಲ್ಲಿ ಅದ್ದಿ, ಸಂದಿನಲ್ಲಿ ಒಂದೇ ದಿಕ್ಕಿಗೆ ಎಳೆಯಿರಿ. ಮೊದಲ ನಾಲ್ಕೈದು ಸಲ ಬರೀ ಕರಿ ಮಡ್ಡಿ ಬರುತ್ತದೆ. ಇಪ್ಪತ್ತು ಮೂವತ್ತು ಕಡ್ಡಿ ಆದ ಮೇಲೆ ಕೆಳಗಿನ ಲೋಹ ಹೊಳೆಯತೊಡಗುತ್ತದೆ. ಆತುರ ಬೇಡ. ಒಂದು ತುಣುಕು ಶಟರ್ ಪರದೆಯ ಮೇಲೆ ಬಿದ್ದರೂ ತೊಂದರೆ, ಹಾಗಾಗಿ ಕ್ಯಾಮೆರಾವನ್ನು ಬಾಗಿಲು ಕೆಳಮುಖವಾಗುವಂತೆ ಓರೆ ಹಿಡಿದುಕೊಳ್ಳಿ.

ಹೊಸ ಸ್ಪಂಜಿನ ಬದಲು ಕಪ್ಪು ಉಣ್ಣೆ ನೂಲು ಹಾಕಬಹುದು. ಸ್ವೆಟರ್ ಹೆಣೆಯುವ ನೂಲೇ ಆದೀತು. ಸಂದಿನ ಉದ್ದಕ್ಕೆ ಕತ್ತರಿಸಿ, ಟೂತ್‌ಪಿಕ್ಕಿನಿಂದ ಒತ್ತಿ ಕೂರಿಸಿ. ಬಾಗಿಲು ಮುಚ್ಚಿದಾಗ ತುಸು ಬಿಗಿ ಅನ್ನಿಸಬೇಕು, ಒತ್ತಡ ಹಾಕಿ ಮುಚ್ಚುವಷ್ಟಲ್ಲ. ನನ್ನ ಕ್ಯಾಮೆರಾಗೆ ಅಮ್ಮನ ನೂಲುಂಡೆಯಿಂದ ಹಾಕಿದ್ದು ಆರು ವರ್ಷದಿಂದ ಹಾಗೇ ಇದೆ. ಕನ್ನಡಿಯ ಮೇಲಿನ ಸ್ಪಂಜನ್ನು ಮಾತ್ರ ಮುಟ್ಟುವ ಮುನ್ನ ಎರಡು ಸಲ ಯೋಚಿಸಿ. ಪಕ್ಕದಲ್ಲೇ ಫೋಕಸ್ ಗಾಜು ಇದೆ. ಅದಕ್ಕೆ ಆಲ್ಕೋಹಾಲ್ ತಾಗಿದರೆ ಕಲೆ ಹೋಗುವುದಿಲ್ಲ.

ಫಿಲಂ

ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ "ಇಂದು" ರೋಲು ನೆನಪಿದೆಯಾ? ಕಪ್ಪು ಬಿಳುಪಿಗೆ ಅದನ್ನೇ ಹಾಕುತ್ತಿದ್ದ ಕಾಲ ಇತ್ತು. ಆ ಕಾರ್ಖಾನೆ ಮುಚ್ಚಿತು. ಈಗ ಸಿಗುವುದೆಲ್ಲ ಹೊರದೇಶದ್ದು, ದುಬಾರಿ. ಹೋದ ಸಲ ಒಂದು ಕಲರ್ ರೋಲು, ತೊಳೆಸಿ ಸ್ಕ್ಯಾನ್ ಮಾಡಿಸಿದ್ದು, ಕೊರಿಯರ್ ಎಲ್ಲ ಸೇರಿ ನನಗೆ 1,800 ರೂಪಾಯಿ ಆಯಿತು. ಫ್ರೇಮಿಗೆ 50 ರೂಪಾಯಿ.

ಪರೀಕ್ಷೆಯ ರೋಲಿಗೆ ಕೊಡಾಕ್ ಗೋಲ್ಡ್ 200 ಅಥವಾ ಕಲರ್‌ಪ್ಲಸ್ 200 ಸಾಕು. ಅವಧಿ ಮುಗಿದ ಫಿಲಂ ಬೇಡ. ಚಿತ್ರ ಕೆಟ್ಟರೆ ತಪ್ಪು ಫಿಲಂದೋ ಕ್ಯಾಮೆರಾದ್ದೋ ಗೊತ್ತಾಗುವುದಿಲ್ಲ ಅಲ್ವಾ? ಸಿನಿಮಾ ಫಿಲಂ ಕತ್ತರಿಸಿ ಡಬ್ಬಿಗೆ ತುಂಬಿ ಮಾರುವವರೂ ಇದ್ದಾರೆ. ಬೆಲೆ ಕಡಿಮೆ, ಬಣ್ಣ ಸೊಗಸು. ಆದರೆ ಅಂಥ ಫಿಲಂನ ಬೆನ್ನಿಗೆ ಸಾಮಾನ್ಯವಾಗಿ ಒಂದು ಕರಿ ಪದರ ಇರುತ್ತದೆ. ಹೇಳದೆ ಮಾಮೂಲಿ ಕಲರ್ ಲ್ಯಾಬಿಗೆ ಕೊಟ್ಟರೆ ಅವರ ಮಷೀನೂ ಬೇರೆಯವರ ರೋಲೂ ಹಾಳಾಗುತ್ತವೆ.

ರೋಲ್ ಹಾಕುವಾಗ ನೋಡಲೇಬೇಕಾದ್ದು

ಸಾಗರದಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ನನ್ನ ಎರಡನೇ ರೋಲು. ಬೆಳಗಿನ ಹೋಮದ ಹೊಗೆಯಲ್ಲಿ ಬಿಸಿಲುಕೋಲು ಬಿದ್ದದ್ದು, ಅಜ್ಜಿ ಹೊಸಿಲಿಗೆ ಅರಿಸಿನ ಹಚ್ಚಿದ್ದು, ಎಲ್ಲವನ್ನೂ ತೆಗೆದೆ. ಕೌಂಟರ್ 36 ದಾಟಿದರೂ ಲಿವರ್ ಬಿಗಿಯಾಗಲಿಲ್ಲ. ಆಗ ಎದೆ ಧಸಕ್ ಅಂತು. ಫಿಲಂನ ತುದಿ ಸ್ಪೂಲಿಗೆ ಸಿಕ್ಕೇ ಇರಲಿಲ್ಲ. ಇಡೀ ದಿನ ಫಿಲಂ ಡಬ್ಬಿಯೊಳಗೇ ಕೂತಿತ್ತು. ಕೌಂಟರ್ ಲಿವರಿನ ಜೊತೆ ಓಡುತ್ತದೆ, ಫಿಲಂ ಓಡಿತೋ ಇಲ್ಲವೋ ಅದಕ್ಕೆ ತಿಳಿಯದು. ಅಜ್ಜಿಯ ಆ ಚಿತ್ರ ಇವತ್ತಿಗೂ ನನ್ನ ಹತ್ತಿರ ಇಲ್ಲ.

ಹಾಗಾಗಿ ಈ ಕ್ರಮ ಬಿಡಬೇಡಿ. ನೆರಳಿನಲ್ಲಿ ಕೂತು, ರಿವೈಂಡ್ ಗುಂಡಿ ಮೇಲೆತ್ತಿ ಬಾಗಿಲು ತೆಗೆಯಿರಿ. ರೋಲನ್ನು ಎಡಗಡೆ ಕೂರಿಸಿ ಗುಂಡಿ ಕೆಳಗೆ ಒತ್ತಿ. ಫಿಲಂ ನಾಲಿಗೆಯನ್ನು ಬಲಗಡೆಯ ಸ್ಪೂಲಿನ ಸೀಳಿಗೆ ಸೇರಿಸಿ, ಲಿವರ್ ಒಮ್ಮೆ ಎಳೆಯಿರಿ. ಮೇಲೆ ಕೆಳಗೆ ಎರಡೂ ಬದಿಯ ತೂತುಗಳು ಹಲ್ಲುಗಳಿಗೆ ಕೂತಿರುವುದನ್ನು ಕಣ್ಣಾರೆ ನೋಡಿ ಬಾಗಿಲು ಮುಚ್ಚಿ. ಈಗ ರಿವೈಂಡ್ ಗುಂಡಿಯನ್ನು ಬಿಗಿ ಸಿಗುವ ತನಕ ಮೆಲ್ಲಗೆ ಸುತ್ತಿ. ಮತ್ತೆ ಲಿವರ್ ಎಳೆಯುವಾಗ ಕಣ್ಣು ಆ ಗುಂಡಿಯ ಮೇಲೇ ಇರಲಿ. ಅದು ತಾನಾಗಿ ತಿರುಗಿದರೆ ಫಿಲಂ ಓಡುತ್ತಿದೆ. ತಿರುಗದಿದ್ದರೆ ಬಾಗಿಲು ತೆಗೆದು ಮೊದಲಿಂದ ಹಾಕಿ, ಶುರುವಿನ ಒಂದೆರಡು ಇಂಚು ಹೋದರೆ ನಷ್ಟವೇನಿಲ್ಲ. ಕೌಂಟರ್ 1ಕ್ಕೆ ಬರುವ ತನಕ ಖಾಲಿ ಹೊಡೆಯಿರಿ. ಡಯಲ್ಲಿನಲ್ಲಿ ಫಿಲಂನ ಐಎಸ್‌ಒ ಇಟ್ಟಿರಾ? ಇದು ಡಿಜಿಟಲ್ ಅಭ್ಯಾಸ ಆದವರು ಮರೆಯುವ ಹೆಜ್ಜೆ. ಕೆ1000ನಲ್ಲಿ ಶಟರ್ ಡಯಲ್ಲಿನ ಹೊರ ಉಂಗುರ ಮೇಲೆತ್ತಿ ತಿರುಗಿಸಬೇಕು.

ಪರೀಕ್ಷೆಯ ರೋಲು

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಫ್ರೇಮಿನ ಅಂಕಿ ಬರೆಯಿರಿ. ಬರೆಯದಿದ್ದರೆ ಈ ರೋಲಿಗೆ ಅರ್ಥವೇ ಇಲ್ಲ.

ಮೊದಲ ಆರು ಫ್ರೇಮು ಶಟರಿಗೆ. ಮೋಡ ಕವಿದ ದಿನ, ಒಂದೇ ಬಣ್ಣದ ಗೋಡೆ ಹುಡುಕಿ. 200ರ ಫಿಲಂಗೆ ಅಂಥ ಬೆಳಕಿನಲ್ಲಿ 1/250, ಎಫ್ 8 ಹತ್ತಿರ ಬರುತ್ತದೆ. ಅಷ್ಟೇ ಬೆಳಕು ಬೀಳುವ ಹಾಗೆ ಆರು ರೀತಿಯಲ್ಲಿ ತೆಗೆಯಿರಿ: 1/1000ಕ್ಕೆ ಎಫ್ 4, 1/500ಕ್ಕೆ 5.6, 1/250ಕ್ಕೆ 8, 1/125ಕ್ಕೆ 11, 1/60ಕ್ಕೆ 16, 1/30ಕ್ಕೆ 22. ಆರೂ ಫ್ರೇಮು ನೆಗೆಟಿವ್‌ನಲ್ಲಿ ಒಂದೇ ಗಾಢತೆಗೆ ಬರಬೇಕು.

ಮುಂದಿನ ನಾಲ್ಕು ಫೋಕಸಿಗೆ. ಮೇಜಿನ ಮೇಲೆ ಪುಸ್ತಕಗಳನ್ನು ಓರೆಯಾಗಿ ಸಾಲು ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು, ನಡುವಿನ ಪುಸ್ತಕದ ಅಕ್ಷರಕ್ಕೆ ಫೋಕಸ್ ಮಾಡಿ. ಎರಡು ಹತ್ತಿರದಿಂದ, ಎರಡು ದೂರದ ಮರ ಅಥವಾ ಗೋಪುರದ ಮೇಲೆ. ಆಮೇಲೆ ಒಂದು ಫ್ರೇಮು ಹೊಡೆದು, ಲಿವರ್ ಎಳೆಯದೆ, ಲೆನ್ಸ್ ಮುಚ್ಚಳ ಹಾಕಿ, ಕ್ಯಾಮೆರಾವನ್ನು ಬಿಸಿಲಿನಲ್ಲಿ ನಾಲ್ಕೂ ಕಡೆ ತಿರುಗಿಸಿ ಎರಡು ನಿಮಿಷ ಹಿಡಿಯಿರಿ. ಸ್ಪಂಜಿನ ಕೆಲಸ ಸರಿಯಾಗಿದೆಯೇ ಎಂದು ಇದು ಹೇಳಿಬಿಡುತ್ತದೆ.

ಉಳಿದ ಇಪ್ಪತ್ತೈದರಲ್ಲಿ ನಿಮ್ಮ ಕೈ ಪಳಗಲಿ. ಮೀಟರ್ ನೋಡುವ ಮೊದಲು ಬೆಳಕನ್ನು ಅಂದಾಜು ಮಾಡಿ. ಹಳೇ ಸೂತ್ರ ಗೊತ್ತಿರಬಹುದು: ಸುಡು ಬಿಸಿಲಿಗೆ ಎಫ್ 16, ಶಟರ್ ವೇಗ ಫಿಲಂನ ಐಎಸ್‌ಒ ಸಂಖ್ಯೆಗೆ ಹತ್ತಿರದ್ದು. 200ರ ಫಿಲಂಗೆ 1/250. ತೆಳು ಮೋಡಕ್ಕೆ 11, ಮೋಡ ಕವಿದರೆ 8, ಮಳೆ ಬರುವ ಹಾಗಿದ್ದರೆ 5.6, ಮನೆಯ ನೆರಳಿಗೆ 4. ಅನುಮಾನ ಬಂದರೆ ಬೆಳಕು ಒಂದು ಸ್ಟಾಪ್ ಜಾಸ್ತಿಯೇ ಕೊಡಿ. ಕಲರ್ ನೆಗೆಟಿವ್ ಜಾಸ್ತಿ ಬೆಳಕು ತಡೆದುಕೊಳ್ಳುತ್ತದೆ, ಕಡಿಮೆ ಬೆಳಕು ತಡೆಯುವುದಿಲ್ಲ. ಇದು ಡಿಜಿಟಲ್‌ಗೆ ತೀರಾ ತಿರುವುಮುರುವು.

ರೋಲ್ ಮುಗಿದಾಗ ಕೆಳಗಿನ ಪುಟ್ಟ ಬಟನ್ ಒತ್ತಿ, ನಿಧಾನಕ್ಕೆ ಸುತ್ತಿ. ಬಿಗಿ ಸಡಿಲಾದ ಮೇಲೂ ಎರಡು ಸುತ್ತು ಹಾಕಿಯೇ ಬಾಗಿಲು ತೆಗೆಯಿರಿ.

ತೊಳೆಸುವುದು, ನೆಗೆಟಿವ್ ಓದುವುದು

ಬೀದಿಗೊಂದು ಕಲರ್ ಲ್ಯಾಬ್ ಇದ್ದ ಕಾಲ ಹೋಯಿತು. ಈಗ ಹೆಚ್ಚಿನ ಊರುಗಳಿಂದ ದೊಡ್ಡ ನಗರದ ಲ್ಯಾಬಿಗೆ ಕೊರಿಯರ್ ಮಾಡಬೇಕು. ಕಳಿಸುವ ಮೊದಲೇ ಫೋನಿನಲ್ಲಿ ಎರಡು ಮಾತು ಕೇಳಿ: ನೆಗೆಟಿವ್ ವಾಪಸ್ ಕೊಡುತ್ತೀರಾ, ಸ್ಕ್ಯಾನ್ ಎಷ್ಟು ದೊಡ್ಡದು? ನೆಗೆಟಿವ್ ವಾಪಸ್ ಬರದಿದ್ದರೆ ಪರೀಕ್ಷೆ ಅರ್ಧಕ್ಕೇ ನಿಂತ ಹಾಗೆ. ಸ್ಕ್ಯಾನ್ ಮಾಡುವ ಮಷೀನು ಎಷ್ಟೋ ತಪ್ಪನ್ನು ತಾನೇ ಸರಿಮಾಡಿ ಮುಚ್ಚಿಬಿಡುತ್ತದೆ.

ನೆಗೆಟಿವನ್ನು ಮೊಬೈಲ್‌ನ ಬಿಳಿ ಪರದೆಯ ಮೇಲೆ ಎತ್ತಿ ಹಿಡಿದು ನೋಡಿ. ಮೊದಲು ಅಂಚು. ಫಿಲಂನ ಹೆಸರು, ಫ್ರೇಮ್ ನಂಬರು ಸ್ಪಷ್ಟವಾಗಿ ಮೂಡಿದ್ದರೆ ತೊಳೆದದ್ದು ಸರಿಯಾಗಿದೆ. ಅಂಚಿನ ಅಕ್ಷರ ಚೆನ್ನಾಗಿದ್ದು ಫ್ರೇಮುಗಳು ಖಾಲಿ ಇದ್ದರೆ ತಪ್ಪು ನಮ್ಮ ಕಡೆಯದು: ಫಿಲಂ ಓಡಿಲ್ಲ ಅಥವಾ ಶಟರ್ ತೆರೆದಿಲ್ಲ. ಅಂಚಿನ ಅಕ್ಷರವೂ ಇಲ್ಲದಿದ್ದರೆ ಎಡವಟ್ಟು ತೊಳೆಯುವಾಗ ಆಗಿದೆ.

ತೂತುಗಳ ಕಡೆಯಿಂದ ಫ್ರೇಮಿನೊಳಗೆ ಕರಿ ಹೊಗೆಯಂಥ ಕಲೆ ಹಬ್ಬಿದ್ದರೆ ಬೆಳಕು ಸೋರುತ್ತಿದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಅದು ಕಿತ್ತಳೆ ಪಟ್ಟೆಯಾಗಿ ಕಾಣುತ್ತದೆ. ಫ್ರೇಮುಗಳು ಒಂದರ ಮೇಲೊಂದು ಹತ್ತಿದ್ದರೆ ಲಿವರಿನ ಗೇರು ಜಾರುತ್ತಿದೆ. ಗೋಡೆಯ ಆರು ಫ್ರೇಮಿನಲ್ಲಿ 1/1000ರದ್ದು ಮಾತ್ರ ಒಂದು ಬದಿ ತೆಳುವಾಗಿದ್ದರೆ, ಆ ವೇಗ ಬಳಸದೆ ಇದ್ದರೂ ಆಯಿತು. ನನ್ನದರಲ್ಲಿ ಹಾಗೇ ಇದೆ. 1/500ರ ಮೇಲೆ ಹೋಗುವುದಿಲ್ಲ, ಅದಕ್ಕಾಗಿ ಕ್ಯಾಮೆರಾ ಬಿಚ್ಚಿಸಿಯೂ ಇಲ್ಲ. ಫೋಕಸ್ ಮಾಡಿದ ಪುಸ್ತಕ ಬಿಟ್ಟು ಹಿಂದಿನದು ಚೊಕ್ಕವಾಗಿ ಬಂದಿದ್ದರೆ ಕನ್ನಡಿ ಅಥವಾ ಫೋಕಸ್ ಗಾಜು ಜಾಗ ಬಿಟ್ಟಿದೆ, ಅದು ಮೆಕ್ಯಾನಿಕ್ ಕೆಲಸ.

ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲಂ, ಐಡಿ-11 ಡೆವಲಪರ್, 20 ಡಿಗ್ರಿ, ಏಳೂವರೆ ನಿಮಿಷ. ನಮ್ಮಲ್ಲಿ ಕಷ್ಟ ಆ 20 ಡಿಗ್ರಿಯದೇ. ಬೇಸಿಗೆಯಲ್ಲಿ ಬೆಂಗಳೂರಿನ ನಲ್ಲಿ ನೀರೇ 25 ದಾಟುತ್ತದೆ. ಬಾಟಲಿಗಳನ್ನು ಐಸ್ ಹಾಕಿದ ಟಬ್ಬಿನಲ್ಲಿ ಇಟ್ಟು, ಥರ್ಮಾಮೀಟರ್ ನೋಡಿಯೇ ಶುರು ಮಾಡಿ.

ಮಳೆಗಾಲಕ್ಕೆ ಮುಂಚೆ

ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡಬೇಡಿ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಫಂಗಸ್‌ಗೆ ಅದೇ ಬೇಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ. ಮುಳ್ಳು ಶೇಕಡಾ 45–50ರ ಆಸುಪಾಸು ನಿಂತರೆ ಸರಿ. ಜೆಲ್ಲಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಆರಿಸಿ ಮತ್ತೆ ಹಾಕಿ. ಅಡುಗೆಗೆ ಬಳಸದ ಬಾಣಲೆ ಇರಲಿ. ಫಿಲಂ ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಬಳಸುವ ಎರಡು ಗಂಟೆ ಮೊದಲು ಹೊರಗೆ ತೆಗೆದು, ಡಬ್ಬಿ ತೆರೆಯದೆ ಬಿಡಿ. ವಿಮಾನದಲ್ಲಿ ಹೋಗುವಾಗ ಚೆಕ್-ಇನ್ ಲಗೇಜಿಗೆ ಹಾಕಲೇಬೇಡಿ, ಅಲ್ಲಿನ ಎಕ್ಸ್‌ರೇ ಫಿಲಂ ಕೆಡಿಸುತ್ತದೆ. ಕೈಚೀಲದಲ್ಲಿ ಇಟ್ಟು, ಕೈಯಲ್ಲೇ ತಪಾಸಣೆ ಮಾಡಿ ಎಂದು ಭದ್ರತಾ ಸಿಬ್ಬಂದಿಯನ್ನು ವಿನಯದಿಂದ ಕೇಳಿ.

ಕ್ಯಾಮೆರಾ ಎತ್ತಿಡುವಾಗ ಲಿವರ್ ಎಳೆದು ಬಿಗಿ ಮಾಡಿಡಬೇಡಿ, ಸ್ಪ್ರಿಂಗು ಸಡಿಲಾಗಿಯೇ ಇರಲಿ. ಬಳಸದೆ ಇದ್ದರೂ ತಿಂಗಳಿಗೊಮ್ಮೆ ಹೊರಗೆ ತೆಗೆದು, ಎಲ್ಲ ವೇಗಗಳಲ್ಲೂ ಐದೈದು ಸಲ ಶಟರ್ ಹೊಡೆಯಿರಿ. ಎಣ್ಣೆ ಗಟ್ಟಿಯಾಗದೆ ಉಳಿಯುತ್ತದೆ. ನಾನು ತಿಂಗಳ ಮೊದಲ ಭಾನುವಾರ ಕಾಫಿ ಕುಡಿಯುತ್ತ ಈ ಕೆಲಸ ಮಾಡುತ್ತೇನೆ. 1 ಸೆಕೆಂಡಿನಲ್ಲಿ ಇಟ್ಟಾಗ ಒಳಗಿಂದ ಬರುವ ಸಣ್ಣ ಗರಗರ ಸದ್ದು ಹೋದ ತಿಂಗಳ ಹಾಗೇ ಇದೆಯಾ ಎಂದು ಕಿವಿಗಿಟ್ಟು ಕೇಳುತ್ತೇನೆ.